ಮೊದಲ ವರ್ಷದವರಿಗೆ ಉಸಿರಾಟವಲ್ಲ, ಓದು ಕಲಿಸಿ

ಕಾಲೇಜುಗಳಲ್ಲಿ ಈಚೆಗೆ ಹೊಸ ಆಚರಣೆಯೊಂದು ಬೆಳೆದಿದೆ. ಪ್ರಥಮ ಸೆಮಿಸ್ಟರಿನ ಮಕ್ಕಳನ್ನು ಒಂದು ಮಧ್ಯಾಹ್ನ ಸಭಾಂಗಣದಲ್ಲಿ ಕೂಡಿಸುತ್ತಾರೆ. ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಒಬ್ಬ ಸಂಪನ್ಮೂಲ ವ್ಯಕ್ತಿ ಬರುತ್ತಾರೆ. ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ, ಅತಿಥಿ ಪರಿಚಯ. ಆಮೇಲೆ ಕಣ್ಣು ಮುಚ್ಚಿ ನಾಲ್ಕು ಎಣಿಸುವವರೆಗೆ ಉಸಿರು ಎಳೆದುಕೊಳ್ಳಿ, ನಾಲ್ಕು ಎಣಿಸುವವರೆಗೆ ಬಿಡಿ ಎಂಬ ಅಭ್ಯಾಸ. ಕೊನೆಗೆ ‘ಸಕಾರಾತ್ಮಕವಾಗಿ ಯೋಚಿಸಿ, ಗುರಿ ದೊಡ್ಡದಿರಲಿ’ ಎಂಬ ಉಪದೇಶ. ಫೋಟೊ ತೆಗೆದು, ವರದಿ ಬರೆದು ಕಡತಕ್ಕೆ ಸೇರಿಸಿದರೆ ‘ಒತ್ತಡ ನಿರ್ವಹಣೆ’ ಮುಗಿಯಿತು. ಮರುದಿನ ಅದೇ ಮಕ್ಕಳು ಅದೇ ಬೆಂಚಿನ ಮೇಲೆ ಕುಳಿತು, ಅರ್ಥವಾಗದ ಅದೇ ಪಾಠವನ್ನು ಬರೆದುಕೊಳ್ಳುತ್ತಾರೆ.

ನನಗೆ ಉಸಿರಾಟದ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ರೋಗ ಒಂದು, ಔಷಧ ಇನ್ನೊಂದು ಎಂಬ ಈ ವ್ಯವಹಾರದ ಮೇಲೆ. ನಮ್ಮ ಭಾಗದ ಪ್ರಥಮ ವರ್ಷದ ವಿದ್ಯಾರ್ಥಿಯ ಒತ್ತಡದಲ್ಲಿ ಬಹುಪಾಲು ಹುಟ್ಟುವುದು ತರಗತಿಯೊಳಗೆ. ಪಾಠ ಅರ್ಥವಾಗುವುದಿಲ್ಲ. ಅರ್ಥವಾಗದ್ದನ್ನು ಓದುವುದು ಹೇಗೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಅರ್ಥವಾಗಿಲ್ಲ ಎಂದು ಎದ್ದು ನಿಂತು ಹೇಳಲು ನಾಚಿಕೆ. ಈ ಮೂರನ್ನೂ ಹಾಗೇ ಬಿಟ್ಟು ಮಕ್ಕಳ ಮನಸ್ಸನ್ನು ರಿಪೇರಿ ಮಾಡಲು ಹೊರಟರೆ, ತಪ್ಪನ್ನು ಅವರ ಮೇಲೇ ಹೊರಿಸಿದಂತೆ. ಮಾಡಬೇಕಾದದ್ದನ್ನು ಮಾಡದ ಸಂಸ್ಥೆ, ‘ನಿನ್ನ ಮನಸ್ಸು ಗಟ್ಟಿ ಮಾಡಿಕೊ’ ಎಂದು ಹದಿನೆಂಟರ ಹುಡುಗಿಗೆ ಹೇಳುತ್ತಿದೆ.

ನಾನು ಮುನವಳ್ಳಿಯವನು. ಹಲವು ವರ್ಷ ಪದವಿ ತರಗತಿಗಳಿಗೆ ವಾಣಿಜ್ಯ ಕಲಿಸಿದ್ದೇನೆ. ಹಾಗಾಗಿ ನಾನು ಹೇಳುತ್ತಿರುವುದು ಬೆಂಗಳೂರಿನ ಮಕ್ಕಳ ಕತೆಯಲ್ಲ. ಮಲಪ್ರಭೆಯ ದಂಡೆಯ ಊರುಗಳಲ್ಲಿ ಪಿಯುಸಿ ಮುಗಿಸಿ ಸವದತ್ತಿಗೋ, ಬೈಲಹೊಂಗಲಕ್ಕೋ, ಧಾರವಾಡಕ್ಕೋ ದಿನಾಲೂ ಹೋಗಿ ಬರುವ ಮಕ್ಕಳ ಕತೆ. ಬೆಳಗಿನ ಬಸ್ಸು ತಪ್ಪಿದರೆ ಮೊದಲ ತಾಸು ಹೋಯಿತು. ಮಧ್ಯಾಹ್ನದ ಬಸ್ಸು ಹಿಡಿಯಬೇಕೆಂದರೆ ಕೊನೆಯ ತಾಸು ಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಟಿಕೆಟ್ಟಿನ ಚಿಂತೆ ನೀಗಿದೆ. ಇದು ಸಣ್ಣ ಮಾತಲ್ಲ, ದುಡ್ಡಿಗಾಗಿ ಓದು ಬಿಡಿಸುವ ಮನೆಗಳಲ್ಲಿ ಅದು ದೊಡ್ಡ ಆಸರೆ. ಆದರೆ ಟಿಕೆಟ್ಟು ಪುಕ್ಕಟೆಯಾದ ಮಾತ್ರಕ್ಕೆ ಬಸ್ಸು ಹೆಚ್ಚಾಗುವುದಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಹೊತ್ತಿಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತರಿಂದ ಬಸ್ಸುಗಳು ತುಂಬಿಕೊಂಡೇ ಬರುತ್ತವೆ. ಕಾಲೇಜಿನ ಮಕ್ಕಳು ಬಾಗಿಲಲ್ಲಿ ಒಂದು ಕಾಲಿಟ್ಟು ನಿಲ್ಲುತ್ತಾರೆ. ಸಂಜೆ ಮನೆ ಮುಟ್ಟಿದ ಹುಡುಗಿಗೆ ರೊಟ್ಟಿ ಬಡಿಯುವುದಿರುತ್ತದೆ, ಹುಡುಗನಿಗೆ ಎಮ್ಮೆಗೆ ಮೇವು ತರುವುದಿರುತ್ತದೆ. ‘ದಿನಕ್ಕೆ ಆರು ತಾಸು ಓದಿ’ ಎಂದು ಹೇಳಿ ಹೋಗುವ ಸಂಪನ್ಮೂಲ ವ್ಯಕ್ತಿಗೆ ಈ ದಿನಚರಿಯ ಪರಿಚಯವೇ ಇರುವುದಿಲ್ಲ.

ಇಷ್ಟೆಲ್ಲ ದಾಟಿ ತರಗತಿಗೆ ಬಂದ ಮೇಲೆ ಏನಾಗುತ್ತದೆ? ಬಿಕಾಂ ಮೊದಲ ವಾರವನ್ನೇ ನೋಡಿ. ಪಿಯುಸಿವರೆಗೆ ಕನ್ನಡದಲ್ಲಿ ಲೆಕ್ಕಶಾಸ್ತ್ರ ಓದಿದ ಹುಡುಗನಿಗೆ ಖರ್ಚು, ಜಮಾ, ತಾಳೆ ಪಟ್ಟಿ, ಸವಕಳಿ, ಅಢಾವೆ ಪತ್ರಿಕೆ ಗೊತ್ತು. ಎರಡು ತಿಂಗಳ ರಜೆ ಮುಗಿಸಿ ಬರುವಷ್ಟರಲ್ಲಿ ಅವೆಲ್ಲ ಡೆಬಿಟ್, ಕ್ರೆಡಿಟ್, ಟ್ರಯಲ್ ಬ್ಯಾಲೆನ್ಸ್, ಡಿಪ್ರಿಸಿಯೇಷನ್, ಬ್ಯಾಲೆನ್ಸ್ ಶೀಟ್ ಆಗಿರುತ್ತವೆ. ಲೆಕ್ಕ ಅದೇ, ಬದಲಾದದ್ದು ಹೆಸರು. ಎರಡರ ನಡುವೆ ಒಂದು ಗೆರೆ ಎಳೆದು, ಇದಕ್ಕೆ ಇದು ಎಂದು ತೋರಿಸಲು ಒಂದು ವಾರ ಸಾಕು. ಆ ವಾರ ಯಾರ ವೇಳಾಪಟ್ಟಿಯಲ್ಲೂ ಇಲ್ಲ. ಹೀಗಾಗಿ ಹುಡುಗ ತನಗೆ ಬರುತ್ತಿದ್ದ ಲೆಕ್ಕವೂ ಬರುವುದಿಲ್ಲ ಎಂದು ತಿಳಿಯುತ್ತಾನೆ. ಹಳೇ ಟ್ರ್ಯಾಕ್ಟರಿನ ಕಿಮ್ಮತ್ತು ವರ್ಷವರ್ಷಕ್ಕೆ ಎಷ್ಟು ಇಳಿಯುತ್ತದೆಂದು ಅಪ್ಪನ ಪಕ್ಕ ಕೂತು ಮಾತಾಡಬಲ್ಲವನು, ಡಿಪ್ರಿಸಿಯೇಷನ್ ಎಂದರೇನೆಂದು ಕೇಳಿದಾಗ ತಲೆ ತಗ್ಗಿಸಿ ನಿಲ್ಲುತ್ತಾನೆ. ಬಿಎಸ್ಸಿಯ ಕಷ್ಟ ಇದಕ್ಕೂ ಒಂದು ಕೈ ಮೇಲು. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದವರು ಪಿಯುಸಿಯ ಎರಡು ವರ್ಷವನ್ನು ಉರು ಹೊಡೆದು ದಾಟಿರುತ್ತಾರೆ. ಪದವಿಯಲ್ಲಿ ಆ ಉರು ಮುಗಿದುಹೋಗುತ್ತದೆ.

‘ಸರ, ಓದತೇನ್ರಿ. ರಾತ್ರಿ ಹನ್ನೊಂದರ ತನಕಾ ಓದತೇನಿ. ಮುಂಜಾನಿ ಎದ್ದರ ಏನೂ ನೆಪ್ಪ ಇರಾಂಗಿಲ್ರಿ.’ ಈ ಮಾತನ್ನು ನಾನು ಪ್ರತಿ ವರ್ಷ ಒಬ್ಬರಲ್ಲ ಒಬ್ಬರ ಬಾಯಿಂದ ಕೇಳಿದ್ದೇನೆ. ಹೇಗೆ ಓದುತ್ತಿ ಎಂದು ಕೇಳಿದರೆ ಉತ್ತರವೂ ಒಂದೇ: ನೋಟ್ಸನ್ನು ಮೂರು ಸಲ, ನಾಲ್ಕು ಸಲ ಓದುವುದು, ಮುಖ್ಯ ಎನಿಸಿದ್ದರ ಕೆಳಗೆ ಗೆರೆ ಹೊಡೆಯುವುದು. ಆ ನೋಟ್ಸಾದರೂ ಎಲ್ಲಿಯದು? ತರಗತಿಯಲ್ಲಿ ಹೇಳಿ ಬರೆಸಿದ್ದು, ಇಲ್ಲವೇ ಸೀನಿಯರ್ ಕೊಟ್ಟದ್ದರ ಜೆರಾಕ್ಸು. ಪಠ್ಯಪುಸ್ತಕ ಕೊಂಡವರು ತರಗತಿಗೆ ಬೆರಳೆಣಿಕೆಯಷ್ಟು. ಪರೀಕ್ಷೆ ಹತ್ತಿರ ಬಂದಾಗ ‘ಇಂಪಾರ್ಟೆಂಟ್ ಹೇಳ್ರಿ ಸರ’ ಎಂಬ ಬೇಡಿಕೆ. ಇದನ್ನು ನಾವು ಮಕ್ಕಳ ಸೋಮಾರಿತನ ಎನ್ನುತ್ತೇವೆ. ಆದರೆ ಹನ್ನೆರಡು ವರ್ಷ ಶಾಲೆಯಲ್ಲಿ ನಾವೇ ರೂಢಿ ಮಾಡಿಸಿದ ಓದು ಇದು.

ಆ ಸೀನಿಯರ್ ನೋಟ್ಸಿನ ಆಸರೆಯನ್ನೂ ಈಚಿನ ವರ್ಷಗಳಲ್ಲಿ ಎರಡು ಸಲ ಕಿತ್ತುಕೊಂಡೆವು. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದ ಮೊದಲ ರಾಜ್ಯ ನಮ್ಮದೆಂದು ಬೀಗಿದೆವು. ನಾಲ್ಕು ವರ್ಷದ ಆನರ್ಸ್, ಮುಕ್ತ ಆಯ್ಕೆಯ ವಿಷಯಗಳು, ಹೊಸ ಪಠ್ಯಕ್ರಮ. ಸರ್ಕಾರ ಬದಲಾಯಿತು. 2023ರಲ್ಲಿ ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು. 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿತು, ಪಠ್ಯಕ್ರಮ ಮತ್ತೆ ಬದಲಾಯಿತು. ಎರಡೂ ನೀತಿಗಳ ಪರ ವಿರೋಧ ವಾದಗಳು ಏನೇ ಇರಲಿ, ಹಳ್ಳಿಯಿಂದ ಬಂದ ಮಗುವಿಗೆ ಇದರ ಅರ್ಥ ಒಂದೇ. ಅಣ್ಣನ ಪುಸ್ತಕ ತಂಗಿಗೆ ಬರಲಿಲ್ಲ. ಹಳೇ ಪ್ರಶ್ನೆಪತ್ರಿಕೆ ದಾರಿ ತೋರಿಸಲಿಲ್ಲ. ಕೇಳಿ ತಿಳಿಯೋಣವೆಂದರೆ ಕಲಿಸುವವರೇ ಹೊಸ ಪಠ್ಯಕ್ರಮವನ್ನು ಹಿಂದಿನ ರಾತ್ರಿ ನೋಡಿಕೊಂಡು ಬರುತ್ತಿದ್ದರು.

ಕಲಿಸುವವರು ಯಾರು ಎಂಬುದನ್ನೂ ಹೇಳಬೇಕು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದು 10 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಬೆನ್ನ ಮೇಲೆ. ಅವರು 2023ರ ನವೆಂಬರಿನಲ್ಲಿ ಸೇವಾ ಭದ್ರತೆ ಕೇಳಿ ತರಗತಿ ಬಹಿಷ್ಕರಿಸಿದಾಗ ರಾಜ್ಯದ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತುಹೋಯಿತು. ಅವರ ಬೇಡಿಕೆ ನ್ಯಾಯವಾದದ್ದು. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲದ ಮಾಸ್ತರರು, ಒಂದು ಮಗುವಿನ ಕೈ ಹಿಡಿದು ಮೂರು ವರ್ಷ ನಡೆಸುವುದು ಹೇಗೆ? ನ್ಯಾಕ್ ಸಮಿತಿ ಬರುವಾಗ ಪ್ರತಿ ವಿದ್ಯಾರ್ಥಿಗೂ ಒಬ್ಬ ಮೆಂಟರ್ ಇದ್ದಾರೆಂದು ಪಟ್ಟಿ ಸಿದ್ಧವಾಗುತ್ತದೆ. ಆ ಪಟ್ಟಿಯಲ್ಲಿ ತನ್ನ ಹೆಸರಿನ ಎದುರು ಯಾರ ಹೆಸರಿದೆ ಎಂದು ಕೇಳಿದರೆ ಹೇಳಬಲ್ಲ ಮಕ್ಕಳನ್ನು ನಾನು ಕಂಡದ್ದು ಕಡಿಮೆ.

ಇದನ್ನೆಲ್ಲ ಸೇರಿಸಿ ನೋಡಿದರೆ ಒತ್ತಡ ಎಲ್ಲಿಂದ ಬಂತೆಂದು ಕೇಳಬೇಕಾಗಿಲ್ಲ. ಈಜು ಬಾರದವನನ್ನು ನವಿಲುತೀರ್ಥದ ಹಿನ್ನೀರಿಗೆ ನೂಕಿ, ದಂಡೆಯ ಮೇಲೆ ನಿಂತು ‘ಗಾಬರಿಯಾಗಬೇಡ’ ಎಂದು ಕೂಗುವವರು ನಾವು.

ಈಗ ಕಲಿಯುವ ಬಗೆಗೆ ಬರೋಣ. ಓದಿದ್ದು ಉಳಿಯುವುದು ಹೇಗೆಂಬುದು ಗುಟ್ಟಿನ ವಿದ್ಯೆಯೇನಲ್ಲ. 1885ರಲ್ಲೇ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದರ ಬಹುಭಾಗ ಮೊದಲ ಒಂದೆರಡು ದಿನಗಳಲ್ಲೇ ಜಾರಿಹೋಗುತ್ತದೆ ಎಂದು ತೋರಿಸಿದ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮ ಮಕ್ಕಳಿಗಾಗಿಯೇ ಮಾಡಿದಂತಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಕೆಲವರು ಅದನ್ನೇ ಇನ್ನೊಮ್ಮೆ ಓದಿದರು. ಉಳಿದವರು ಹಾಳೆ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದರೆ ಎರಡು ಸಲ ಓದಿದವರೇ ಮುಂದು: ಶೇಕಡ 81, ಮುಚ್ಚಿಟ್ಟು ಬರೆದವರು ಶೇಕಡ 75. ಒಂದು ವಾರದ ನಂತರ ಲೆಕ್ಕ ತಿರುಗಿತ್ತು. ಓದಿದವರಿಗೆ ಉಳಿದದ್ದು ಶೇಕಡ 42, ಬರೆದವರಿಗೆ ಶೇಕಡ 56. ಅಂದರೆ ಮತ್ತೆ ಮತ್ತೆ ಓದುವುದು ‘ನನಗೆ ಬಂತು’ ಎಂಬ ಭ್ರಮೆ ಕೊಡುತ್ತದೆ, ಉಳಿಸುವುದು ಮಾತ್ರ ನೆನಪಿನಿಂದ ಎತ್ತಿ ತೆಗೆಯುವ ಶ್ರಮ. 2013ರಲ್ಲಿ ಡನ್ಲೋಸ್ಕಿ ಮತ್ತು ಸಂಗಡಿಗರು ಹತ್ತು ಬಗೆಯ ಓದಿನ ರೂಢಿಗಳನ್ನು ತೂಗಿ ನೋಡಿದಾಗ, ಗೆರೆ ಹೊಡೆಯುವುದು ಮತ್ತು ಮರು ಓದುವುದು ಕೆಳಗೆ ಬಿದ್ದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ದಿನ ಬಿಟ್ಟು ದಿನ ಹಂಚಿಕೊಂಡು ಓದುವುದು ಮೇಲೆ ನಿಂತವು.

ಇದನ್ನು ತಿಳಿಯಲು ಅಮೆರಿಕಕ್ಕೇ ಹೋಗಬೇಕಿರಲಿಲ್ಲ. ಕುಲಗೋಡ ತಮ್ಮಣ್ಣನಿಂದ ಕೌಜಲಗಿ ನಿಂಗಮ್ಮನವರೆಗೆ ಪಾರಿಜಾತ ಬೆಳೆದ ಸೀಮೆ ನಮ್ಮದು. ಇಲ್ಲಿಯ ದೊಡ್ಡಾಟ, ಸಣ್ಣಾಟದ ತಾಲೀಮು ನೋಡಿದವರಿಗೆ ಗೊತ್ತು. ಅಕ್ಷರ ಬಾರದ ಪಾತ್ರಧಾರಿ ಇಡೀ ರಾತ್ರಿಯ ಮಾತು, ಹಾಡು ಬಾಯಿಗೆ ತಂದುಕೊಳ್ಳುತ್ತಾನೆ. ಹೇಗೆ? ಮಾಸ್ತರ ಇವತ್ತು ನಾಲ್ಕು ಮಾತು ಹೇಳಿಕೊಡುತ್ತಾನೆ. ನಾಳೆ ಹೊಸದನ್ನು ಹೇಳುವ ಮೊದಲು ನಿನ್ನಿನದನ್ನು ಒಪ್ಪಿಸು ಎನ್ನುತ್ತಾನೆ. ತಡವರಿಸಿದರೆ ಒಂದು ಶಬ್ದ ಎತ್ತಿಕೊಟ್ಟು ಸುಮ್ಮನಾಗುತ್ತಾನೆ, ಉಳಿದದ್ದನ್ನು ಪಾತ್ರಧಾರಿಯೇ ಎಳೆದು ತರಬೇಕು. ವಾರಗಟ್ಟಲೆ, ತಿಂಗಳುಗಟ್ಟಲೆ ಇದು ನಡೆದ ಮೇಲೇ ಬಣ್ಣ, ವೇಷ, ರಂಗ. ಮೊದಲ ದಿನವೇ ಹುಡುಗನನ್ನು ರಂಗದ ಮೇಲೆ ನಿಲ್ಲಿಸಿ, ಮಾತು ಮರೆತಾಗ ‘ನಿನಗೆ ಸಭಾಕಂಪನ, ಉಸಿರಾಟ ಕಲಿ’ ಎಂದು ಹೇಳುವ ದೊಡ್ಡಾಟದ ಮಾಸ್ತರ ಎಲ್ಲೂ ಇಲ್ಲ. ನಮ್ಮ ಊರಿಗೆ ಗೊತ್ತಿರುವುದು ನಮ್ಮ ಕಾಲೇಜಿಗೆ ಗೊತ್ತಿಲ್ಲದಿರುವುದು ನಾಚಿಕೆಯ ಸಂಗತಿ.

ಹಾಗಾದರೆ ಏನು ಮಾಡಬೇಕು? ಪ್ರಥಮ ಸೆಮಿಸ್ಟರಿನ ಮೊದಲ ಆರು ವಾರವನ್ನು ತಾಲೀಮಿಗೆ ಬಿಟ್ಟುಕೊಡಿ. ಪಾಠ ನಿಲ್ಲಿಸಬೇಕಿಲ್ಲ, ಪಾಠದ ರೀತಿ ಬದಲಿಸಿದರೆ ಸಾಕು. ಪ್ರತಿ ತಾಸಿನ ಕೊನೆಯ ಹತ್ತು ನಿಮಿಷ ಪುಸ್ತಕ, ನೋಟ್ಸು, ಮೊಬೈಲು ಎಲ್ಲ ಮುಚ್ಚಿಸಿ, ಇವತ್ತು ಕೇಳಿದ್ದನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ನೆನಪಿದ್ದಷ್ಟು ಬರೆಯಲು ಹೇಳಿ. ಅಂಕ ಬೇಡ. ಮರುದಿನ ಪಾಠಕ್ಕೆ ಮೊದಲು ನಿನ್ನೆಯದರ ಮೂರು ಪ್ರಶ್ನೆ, ವಾರದ ಕೊನೆಗೆ ವಾರದ್ದು. ಪ್ರತಿ ವಿಷಯಕ್ಕೂ ಎರಡು ಭಾಷೆಯ ಶಬ್ದಪಟ್ಟಿಯನ್ನು ಮಕ್ಕಳ ಕೈಯಿಂದಲೇ ಕಟ್ಟಿಸಿ, ದಿನಕ್ಕೆ ಐದು ಶಬ್ದ. ಸವಕಳಿಯ ಪಕ್ಕ ಡಿಪ್ರಿಸಿಯೇಷನ್ ಕೂತುಕೊಳ್ಳಲಿ, ಅದರ ಪಕ್ಕ ಅಪ್ಪನ ಟ್ರ್ಯಾಕ್ಟರೂ ಇರಲಿ. ವಾರಕ್ಕೊಂದು ತಾಸು ಪಠ್ಯಪುಸ್ತಕದ ಒಂದೇ ಪುಟವನ್ನು ಎಲ್ಲರೂ ಕೂಡಿ ಓದಲಿ: ಈ ವಾಕ್ಯದಲ್ಲಿ ಮುಖ್ಯ ಮಾತು ಯಾವುದು, ಗೊತ್ತಿಲ್ಲದ ಶಬ್ದಕ್ಕೆ ಏನು ಮಾಡಬೇಕು, ಎಲ್ಲಿ ನಿಲ್ಲಬೇಕು. ನಾಲ್ಕನೆಯ ವಾರದೊಳಗೆ ಪ್ರತಿಯೊಬ್ಬರೂ ಒಂದು ಉತ್ತರ ಬರೆದು, ಅದು ಕೆಂಪು ಮಸಿಯ ಎರಡು ಸಾಲಿನೊಂದಿಗೆ ವಾಪಸು ಬರಲಿ. ಮೊದಲ ಉತ್ತರಪತ್ರಿಕೆಯನ್ನು ಸೆಮಿಸ್ಟರ್ ಪರೀಕ್ಷೆಯಲ್ಲೇ ಬರೆಯುವ ಮಗು ಹೆದರದೆ ಇನ್ನೇನು ಮಾಡೀತು?

ಇದಕ್ಕೆ ಹೊಸ ಆದೇಶವೂ ಬೇಕಿಲ್ಲ. ಯುಜಿಸಿ 2019ರಲ್ಲೇ ‘ದೀಕ್ಷಾರಂಭ’ ಎಂಬ ಹೆಸರಿನಲ್ಲಿ ಹೊಸ ವಿದ್ಯಾರ್ಥಿಗಳ ಪ್ರವೇಶ ಕಾರ್ಯಕ್ರಮದ ಮಾರ್ಗಸೂಚಿ ಕೊಟ್ಟಿದೆ. ನಾನು ಕಂಡಂತೆ ಅದು ಒಂದು ದಿನದ ಸ್ವಾಗತ ಸಮಾರಂಭವಾಗಿ, ಹೂಗುಚ್ಛ ಮತ್ತು ಸೆಲ್ಫಿಯಲ್ಲಿ ಮುಗಿಯುತ್ತದೆ. 2023ರ ಏಪ್ರಿಲಿನಲ್ಲಿ ಯುಜಿಸಿಯ ಆಗಿನ ಅಧ್ಯಕ್ಷ ಜಗದೀಶ್ ಕುಮಾರ್ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ಪಾಠ ಇಂಗ್ಲಿಷಿನಲ್ಲಿ ನಡೆದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಎಂದು ಕೋರಿದರು. ಒಳ್ಳೆಯ ಮಾತು. ಆದರೆ ಕೇಳಿದ್ದು ಒಂದು ಭಾಷೆ, ಬರೆಯುವುದು ಇನ್ನೊಂದು ಭಾಷೆ ಎಂದಾದಾಗ ನಡುವಿನ ಸೇತುವೆ ಕಟ್ಟುವವರು ಯಾರು? ಅನುಮತಿ ಕೊಟ್ಟ ಮಾತ್ರಕ್ಕೆ ಸೇತುವೆಯಾಗುವುದಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯ ಹಿರಿಯರು ತೆರೆದ ಮೊದಲ ಶಾಲೆಯ ಹೆಸರೇ ಆಂಗ್ಲೋ ವರ್ನಾಕ್ಯುಲರ್ ಶಾಲೆ. ಎರಡು ಭಾಷೆ ಅಕ್ಕಪಕ್ಕ ಕೂರಬೇಕೆಂಬ ತಿಳಿವಳಿಕೆ ಆ ಹೆಸರಿನಲ್ಲಿಯೇ ಇತ್ತು. ನೂರು ವರ್ಷ ದಾಟಿದ ಮೇಲೆ ನಾವು ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂಡಿಹಾಕಿ, ನಡುವಿನ ಬಾಗಿಲಿಗೆ ಮಕ್ಕಳ ತಲೆ ಬಡಿಸುತ್ತಿದ್ದೇವೆ.

ನನ್ನ ಮಾತಿಗೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು: ‘ನಾವೂ ಕನ್ನಡ ಶಾಲೆಯಿಂದಲೇ ಬಂದವರು, ಹೆಂಗೋ ಕಲಿತೆವಲ್ಲ.’ ಹೌದು, ಕಲಿತಿರಿ. ನಿಮ್ಮ ಸಂಗಡ ಮೊದಲ ವರ್ಷ ಕೂತು ಎರಡನೆಯ ವರ್ಷ ಬಾರದವರು ಎಲ್ಲಿದ್ದಾರೆ? ಹೊಳೆ ದಾಟಿದವರು ಮಾತ್ರ ಆಚೆ ದಂಡೆಯ ಮೇಲೆ ನಿಂತು ಮಾತಾಡಬಲ್ಲರು. ಮುಳುಗಿದವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಎರಡನೆಯದು: ‘ಈಗಿನ ಹುಡುಗರು ಮೊಬೈಲಿನಲ್ಲೇ ಇರತಾರ.’ ಇರುತ್ತಾರೆ. ಅರ್ಥವಾಗದ ಪುಟದ ಎದುರು ಎರಡು ತಾಸು ಕೂತ ಯಾರಾದರೂ ಕೈಗೆ ಸಿಕ್ಕ ಬಾಗಿಲಿನಿಂದ ಹೊರಗೋಡುತ್ತಾರೆ. ಇವತ್ತು ಆ ಬಾಗಿಲು ಮೊಬೈಲು. ಮುಚ್ಚಿಟ್ಟು ಬರೆದದ್ದರಲ್ಲಿ ಹತ್ತಕ್ಕೆ ಆರು ಸರಿಯಾದ ದಿನ ಹುಡುಗ ತಾನಾಗಿ ಇನ್ನೊಂದು ಪುಟ ತಿರುಗಿಸುವುದನ್ನು ನಾನು ಕಂಡಿದ್ದೇನೆ.

ಮೂರನೆಯದು: ‘ಸಿಲೆಬಸ್ ಮುಗಿಯುವುದಿಲ್ಲ.’ ಈಗ ಮುಗಿಯುತ್ತಿರುವುದಾದರೂ ಎಲ್ಲಿ? ಮಾಸ್ತರರ ಡೈರಿಯಲ್ಲಿ ಮುಗಿದದ್ದು ಮಕ್ಕಳ ತಲೆಯಲ್ಲಿ ಶುರುವೇ ಆಗಿರುವುದಿಲ್ಲ.

ನಾಲ್ಕನೆಯ ಆಕ್ಷೇಪ ಇವೆಲ್ಲಕ್ಕಿಂತ ಗಂಭೀರವಾದದ್ದು: ಮನಸ್ಸಿನ ನೋವು ನಿಜವಲ್ಲವೇ, ಅದನ್ನು ಪಾಠದ ಕೊರತೆಯೆಂದು ತಳ್ಳಿಹಾಕಬಹುದೇ? ಖಂಡಿತ ಬಾರದು. ಮನೆಯ ಸಾಲ, ಜಾತಿಯ ಅವಮಾನ, ಓದಿನ ನಡುವೆ ಗೊತ್ತುಮಾಡಿದ ಮದುವೆ, ಖಿನ್ನತೆ, ಇವು ಪುಸ್ತಕ ಮುಚ್ಚಿಟ್ಟು ಬರೆದರೆ ಹೋಗುವಂಥವಲ್ಲ. ಅವಕ್ಕೆ ತಿಳಿದವರೇ ಬೇಕು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತ ಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ನಿರ್ದೇಶನ ಕೊಟ್ಟಿದೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಈ ಸಂಖ್ಯೆಯನ್ನು ಪ್ರತಿ ಕಾಲೇಜಿನ ಬಾಗಿಲಲ್ಲಿ, ಹುಡುಗಿಯರ ಕೊಠಡಿಯಲ್ಲಿ, ಹಾಸ್ಟೆಲಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ಆದರೆ ಎರಡು ತಾಸಿನ ಕಾರ್ಯಾಗಾರ ಸಮಾಲೋಚಕರ ಜಾಗ ತುಂಬುವುದಿಲ್ಲ, ಮಾಸ್ತರರ ಜಾಗವನ್ನೂ ತುಂಬುವುದಿಲ್ಲ. ಎರಡೂ ಕೆಲಸ ಬಾಕಿ ಇರುವಾಗ ಎರಡೂ ಮುಗಿದವೆಂದು ತೋರಿಸುವುದಕ್ಕಷ್ಟೇ ಅದು ಬಳಕೆಯಾಗುತ್ತಿದೆ. ಜೊತೆಗೆ, ತರಗತಿಯಲ್ಲಿ ದಿನಾಲೂ ‘ನನಗೇನೂ ಬರುವುದಿಲ್ಲ’ ಎಂದುಕೊಳ್ಳುವ ಮಗುವಿಗೆ ಬೇರೆ ನೋವುಗಳನ್ನು ತಾಳುವ ಶಕ್ತಿಯೂ ಕುಗ್ಗುತ್ತದೆ. ಒಂದು ವಿಷಯ ಚೆನ್ನಾಗಿ ಬಂತೆಂಬ ಧೈರ್ಯ ಮನಸ್ಸಿಗೂ ಆಸರೆಯೇ.

ಈ ವರ್ಷ ಪ್ರವೇಶ ಮುಗಿದ ಮೇಲೆ ಪ್ರತಿ ಪ್ರಾಂಶುಪಾಲರಿಗೆ, ಪ್ರತಿ ಆಡಳಿತ ಮಂಡಳಿಗೆ ಪಾಲಕರು ನಾಲ್ಕು ಪ್ರಶ್ನೆ ಕೇಳಲಿ. ನನ್ನ ಮಗಳ ಮೆಂಟರ್ ಯಾರು, ಅವರು ಅವಳ ಹೆಸರು ಹಿಡಿದು ಕರೆಯಬಲ್ಲರೇ? ಮೊದಲ ತಿಂಗಳಲ್ಲಿ ಅವಳು ಬರೆದ ಉತ್ತರವನ್ನು ಯಾರು ತಿದ್ದಿಕೊಡುತ್ತಾರೆ? ಕನ್ನಡದಿಂದ ಇಂಗ್ಲಿಷಿಗೆ ಅವಳನ್ನು ದಾಟಿಸಲು ಎಷ್ಟು ತಾಸು ಇಟ್ಟಿದ್ದೀರಿ? ನಮ್ಮ ಊರ ಬಸ್ಸಿನ ವೇಳೆ ನೋಡಿ ವೇಳಾಪಟ್ಟಿ ಮಾಡಿದ್ದೀರಾ? ಇವುಗಳಿಗೆ ಉತ್ತರ ಸಿಗುವವರೆಗೆ ಒತ್ತಡ ನಿರ್ವಹಣೆಯ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವುದನ್ನು ನಿಲ್ಲಿಸಿ. ಆ ದುಡ್ಡಿನಲ್ಲಿ ಗ್ರಂಥಾಲಯಕ್ಕೆ ನಾಲ್ಕು ಪಠ್ಯಪುಸ್ತಕಗಳಾದರೂ ಹೆಚ್ಚಿಗೆ ಬರುತ್ತವೆ.